ರೊಟ್ಟಿಯಿಲ್ಲದ ಸಪ್ಪಳ

ನಮ್ಮ ಹೊಸ ಮನೆಯ ಅಡುಗೆಮನೆಗೂ ಪಕ್ಕದ ಶಕೀಲಾಬಿಯವರ ಅಡುಗೆಮನೆಗೂ ನಡುವೆ ಇರುವುದು ಒಂದೇ ಗೋಡೆ, ಅದೂ ಒಂದು ಇಟ್ಟಂಗಿಯ ದಪ್ಪದ್ದು. ಅವರು ಒಗ್ಗರಣೆ ಹಾಕಿದರೆ ನಾನು ಸೀನುತ್ತೇನೆ. ನಾನು ಸೀನಿದರೆ ಅವರ ಮುದಿ ಅತ್ತೆ ಆ ಕಡೆಯಿಂದಲೇ ಶುಂಠಿ ಕಷಾಯ ಕುಡಿಯಲು ಹೇಳುತ್ತಾರೆ. ಇದನ್ನು ಕಟ್ಟಿದ ಗೌಂಡಿ ಇಟ್ಟಂಗಿ ಉಳಿಸಲೆಂದು ಹೀಗೆ ಮಾಡಿದನೋ, ಓಣಿಯ ಐಕಮತ್ಯಕ್ಕೆಂದು ಮಾಡಿದನೋ, ನನಗೆ ತಿಳಿಯದು.

ನಿವೃತ್ತ ಮಾಸ್ತರನಾದ ನಾನು ತಾಳಿಕೋಟೆ ಬಿಟ್ಟು ಸಿಂದಗಿಗೆ ಬಂದದ್ದಕ್ಕೆ ಕಾರಣ ನನ್ನ ಹೆಂಡತಿ ಗೌರವ್ವನ ಬಲಗೈ. ಎಂಟು ತಿಂಗಳ ಹಿಂದೆ ಅವಳಿಗೆ ಲಕ್ವಾ ಹೊಡೆಯಿತು. ಮಾತು ಮರಳಿತು, ಕಾಲು ಮರಳಿತು, ಕೈ ಮಾತ್ರ ಮರಳಲಿಲ್ಲ. ಓಣಿಗೆ ಬಂದ ಹೊಸ ಸೊಸೆಯಂದಿರನ್ನೆಲ್ಲ ಎದುರಿಗೆ ಕೂಡಿಸಿಕೊಂಡು, ಬೈದು, ಜೋಳದ ರೊಟ್ಟಿ ಬಡಿಯಲು ಕಲಿಸಿದ ಕೈ ಅದು. ಈಗ ಅದೇ ಸೊಸೆಯಂದಿರು ದಿನಕ್ಕಿಬ್ಬರಂತೆ ಬಂದು, ಕೈ ನೋಡಿ ಲೊಚಗುಟ್ಟಿ, "ಪಾಪ" ಎಂದು, ಚಹಾ ಕುಡಿದು ಹೋಗುತ್ತಿದ್ದರು. ಚಹಾ ಮಾಡುತ್ತಿದ್ದವನು ನಾನು. ಮೊದಮೊದಲು ಉತ್ತರಿಸುತ್ತಿದ್ದ ಗೌರವ್ವ ಬರಬರುತ್ತ ಹೊರಗಿನವರ ಮುಂದೆ ಬಾಯಿ ಬಿಡುವುದನ್ನೇ ಬಿಟ್ಟಳು.

"ಪಾಪ ಅನ್ನೋರು ಇಲ್ಲದ ಊರಿಗೆ ಹೋಗೂಣ್ರಿ," ಎಂದಳು ಒಂದು ದಿನ. "ಅಲ್ಲಿ ಯಾರ ಮುಂದೂ ನನ್ನ ಕೈದ ಸುದ್ದಿ ತೆಗೀಬ್ಯಾಡ್ರಿ."

ತೆಗೆಯುವುದಿಲ್ಲ ಎಂದು ಮಾತು ಕೊಟ್ಟೆ. ಕೊಟ್ಟ ಮಾತು ಎಷ್ಟು ಭಾರದ್ದೆಂದು ಸಾಮಾನು ಇಳಿಸುವಾಗಲೇ ತಿಳಿಯಿತು. ಟೆಂಪೋ ನಿಂತದ್ದೇ ತಡ, ಯಾವ ಊರು, ಎಷ್ಟು ಮಕ್ಕಳು, ಪಿಂಚಣಿ ಬಂತೋ ಇಲ್ಲವೋ ಎಂಬುದನ್ನೆಲ್ಲ ಓಣಿ ನನ್ನಿಂದ ಇಳಿಸಿಕೊಂಡಿತು. ಗೌರವ್ವ ಬಲಗೈಯನ್ನು ಸೆರಗಿನೊಳಗಿಟ್ಟುಕೊಂಡು ಮಾತಿಲ್ಲದೆ ಒಳಗೆ ನಡೆದಳು. ದೊಡ್ಡ ಮನೆತನದ ಹೆಣ್ಣುಮಗಳು, ಎಷ್ಟು ಮರ್ಯಾದೆ ಎಂದು ಎಲ್ಲರೂ ಮೆಚ್ಚಿಕೊಂಡರು.

ನಾಲ್ಕನೆಯ ದಿನ ನಳದ ಹತ್ತಿರ ಶಕೀಲಾಬಿ ನನ್ನನ್ನು ತಡೆದು ಗೌರವ್ವನನ್ನು ವಿಚಾರಿಸಿದರು. "ಮಾಸ್ತರ್ರ, ವೈನಿ ಆರಾಮ ಅದಾರಿಲ್ರಿ? ಮೂರು ದಿನಾ ಆತು, ನಿಮ್ಮನ್ಯಾಗ ರೊಟ್ಟಿ ಬಡಿಯೂ ಸಪ್ಪಳನ ಇಲ್ಲ."

ಮಿತ್ರರೇ, ನೀವು ದೊಡ್ಡ ಊರಿನವರಾದರೆ ನೆರೆಮನೆಯನ್ನು ಬಾಗಿಲ ಮೇಲಿನ ಹೆಸರಿನಿಂದ ಅರಿಯುತ್ತೀರಿ. ನಮ್ಮ ಸೀಮೆಯಲ್ಲಿ ಅದು ಕಿವಿಯ ಕೆಲಸ. ಬೆಳಿಗ್ಗೆ ಪಟಪಟ ಕೇಳಿದರೆ ಆ ಮನೆ ಸುಖವಾಗಿದೆ. ಕೇಳದಿದ್ದರೆ ಒಂದೋ ಊರಿಗೆ ಹೋಗಿದ್ದಾರೆ, ಇಲ್ಲವೇ ಯಾರೋ ಹಾಸಿಗೆ ಹಿಡಿದಿದ್ದಾರೆ, ಇಲ್ಲವೇ ಜಗಳ. ಬಸ್ ನಿಲ್ದಾಣದ ಹಿಂದಿನ ಅಂಗಡಿಯಿಂದ ಖಡಕ್ ರೊಟ್ಟಿಯನ್ನು ಚೀಲದಲ್ಲಿ ಮುಚ್ಚಿ ತರುತ್ತಿದ್ದ ನಾನು ಹಸಿವಿನ ಲೆಕ್ಕ ಹಾಕಿದ್ದೆನೇ ಹೊರತು ಸಪ್ಪಳದ್ದನ್ನಲ್ಲ.

ರೊಟ್ಟಿ ಮಾಡಲು ಹಿಂದೊಮ್ಮೆ ಪ್ರಯತ್ನಿಸಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದಂತೆ, ಹಿಟ್ಟಿಗೆ ಜಿಗಿ ಇಲ್ಲವೆಂದು ಹೇಳಿ ಕೈತೊಳೆದುಕೊಂಡಿದ್ದೆ. ಆದರೆ ಸಪ್ಪಳಕ್ಕೆ ಹಿಟ್ಟು ಬೇಕಿಲ್ಲ. ಮರುದಿನ ಬೆಳಿಗ್ಗೆ ಗೋಡೆಯ ಪಕ್ಕ ಮಣೆ ಇಟ್ಟುಕೊಂಡು ಅಂಗೈಯಿಂದ ಬಡಿಯತೊಡಗಿದೆ. ಇಬ್ಬರಿಗೆ ಆರು ರೊಟ್ಟಿ. ಒಂದೊಂದರ ನಡುವೆ ಬೇಯಲು ತುಸು ಬಿಡುವು. ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವುದು ನನ್ನ ಸ್ವಭಾವ.

ಗೌರವ್ವ ಬಾಗಿಲಲ್ಲಿ ನಿಂತು ನೋಡಿದಳು. "ರೊಟ್ಟಿ ಬಡ್ಯಾಕತ್ತೀರೋ, ಸಾಲಿ ಹುಡುಗರನ್ನೋ?"

ಆದರೂ ನಿಲ್ಲಿಸಲು ಹೇಳಲಿಲ್ಲ. ಹೀಗೆ ಹನ್ನೊಂದು ದಿನ ಬಡಿದೆ. ಅಂಗೈ ಕೆಂಪಾಯಿತು. ಓಣಿಯಲ್ಲಿ ಯಾರೂ ಏನೂ ಕೇಳಲಿಲ್ಲವಾದ್ದರಿಂದ ನನ್ನ ಕಲೆಯ ಬಗ್ಗೆ ನನಗೇ ಗೌರವ ಮೂಡಿತು.

ಹನ್ನೆರಡನೆಯ ದಿನ ನಾನು ನಾಲ್ಕನೆಯ ರೊಟ್ಟಿಯಲ್ಲಿದ್ದಾಗ, ಗೌರವ್ವ ಬಿಸಿಲು ಕಾಯಲು ಮುಂದಿನ ಕಟ್ಟೆಯ ಮೇಲೆ ಹೋಗಿ ಕುಳಿತಳು. ಒಳಗೆ ಬಡಿಯುವುದು ನಡೆದೇ ಇತ್ತು. ಬಡಿಯಬೇಕಾದವಳು ಹೊರಗಿದ್ದಳು. ನಳಕ್ಕೆ ಹೊರಟಿದ್ದ ಶಕೀಲಾಬಿ ಕೊಡವನ್ನು ಕಟ್ಟೆಯ ಮೇಲಿಟ್ಟು ನೆಟ್ಟಗೆ ನಮ್ಮ ಅಡುಗೆಮನೆಗೆ ಬಂದರು. ನನ್ನನ್ನು ನೋಡಿದರು, ಮಣೆಯನ್ನು ನೋಡಿದರು.

"ಹಿಟ್ಟು ಎಲ್ಲೈತ್ರಿ, ಮಾಸ್ತರ್ರ?"

ಮೂವತ್ತಾರು ವರ್ಷ ಪ್ರಶ್ನೆ ಕೇಳಿದ ನಾನು, ಮನೆಪಾಠ ಮರೆತ ಹುಡುಗನಂತೆ ಕೆಂಪಾದ ಅಂಗೈಗಳನ್ನು ಬೆನ್ನ ಹಿಂದೆ ಮುಚ್ಚಿಕೊಂಡೆ. ಅಷ್ಟರಲ್ಲಿ ಅವರ ಹಿಂದೆ ಬಂದ ಗೌರವ್ವ, ಎಡಗೈಯಿಂದ ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆದು ಮಣೆಯ ಮೇಲಿಟ್ಟಳು. "ಲಕ್ವಾ ಹೊಡದೈತಿ," ಎಂದಳು. ನಾನು "ಪಾಪ" ಎಂಬ ಶಬ್ದಕ್ಕಾಗಿ ಕಾದೆ. ಈ ಊರನ್ನೂ ಬಿಡಬೇಕಾಗುತ್ತದೆ, ಮುಂದೆ ಯಾವ ಊರು ಎಂದು ಯೋಚಿಸುತ್ತಿದ್ದೆ. ಸುಳ್ಳೇಕೆ, ನನಗೆ ಭಯವಾಗಿತ್ತು.

ಶಕೀಲಾಬಿ ಕೈಯನ್ನು ಒಮ್ಮೆ ನೋಡಿದರು. "ಈ ಸಪ್ಪಳ ಗಂಡಸರ ಕೈದು, ಮಣಿಮ್ಯಾಲ ಹಿಟ್ಟಿಲ್ಲ ಅಂತ ನಮ್ಮ ಅತ್ತಿ ಮೊದಲನೇ ದಿನಾನ ಅಂದಿದ್ರು. ಓಣಿಗೆಲ್ಲಾ ಗೊತ್ತೈತ್ರಿ. ಹೇಳೂ ಮನಸಾದಾಗ ನೀವ ಹೇಳ್ತೀರಿ ಅಂತ ಸುಮ್ಮನಿದ್ವಿ. ಇವತ್ತ ನೀವ ಕಟ್ಟಿಮ್ಯಾಲ ಬಂದು ಕುಂತ್ರಿ, ಹೇಳಾಕ ಬಂದ್ರಿ ಅನ್ಕೊಂಡ್ನಿ." ಆಮೇಲೆ ಮನೆಗೆ ಹೋಗಿ ಹಿಟ್ಟಿನ ಡಬ್ಬಿ ತಂದರು. "ವೈನಿ, ನನ್ನ ರೊಟ್ಟಿ ಅಂಚಿಗೆ ಒಡೀತಾವ್ರಿ. ಇಪ್ಪತ್ತ ವರ್ಷಾತು, ಅತ್ತಿ ಕಡೆ ಬೈಸಿಕೊಳ್ಳಾಕತ್ತೇನಿ. ಒಂದೀಟ ನೋಡ್ರಿ."

ಅವರು ಕುಳಿತು ಹಿಟ್ಟು ನಾದತೊಡಗಿದರು. ಗೌರವ್ವ ಎದುರಿಗೆ ಕುಳಿತಳು. ನಾದುವುದನ್ನು ನೋಡುತ್ತ ಮುಂದೆ ಮುಂದೆ ಸರಿದಳು. ಕೊನೆಗೆ ಎಡಗೈಯಿಂದ ಹಿಟ್ಟನ್ನು ಒಮ್ಮೆ ಒತ್ತಿ ನೋಡಿದವಳೇ, "ಎಸರು ಹಾಕಿ ನಾದಬೇಕಂತ ಯಾರೂ ಹೇಳಿಲ್ಲೇನ ನಿನಗ? ತಣ್ಣೀರಾಗ ನಾದಿದ್ರ ಒಡೀದ ಏನಾಗ್ತಾವ? ಏಳು, ನೀರು ಕಾಸು," ಎಂದು ಗದರಿದಳು.

ಎಂಟು ತಿಂಗಳಲ್ಲಿ ಅವಳು ಹೊರಗಿನವರೊಬ್ಬರನ್ನು ಬೈದದ್ದು ಅದೇ ಮೊದಲು. ಶಕೀಲಾಬಿ ಎದ್ದು ನೀರು ಕಾಯಿಸಲು ಇಟ್ಟರು. ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತು ಅತ್ತುಬಿಟ್ಟೆ. ಒಳಗಿನಿಂದ ಬೈಗುಳ ಕೇಳುತ್ತಲೇ ಇತ್ತು.