ಎಲೆಯೋ ಒಲೆಯೋ

ಕಳೆದ ಡಿಸೆಂಬರಿನ ಒಂದು ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ತಲ್ಲೂರಿನಲ್ಲಿ ಅಕ್ಕನ ಮನೆ. ಹಾಜರಿದ್ದವರು ಅಕ್ಕ, ಅವಳ ಸೊಸೆ, ನಾನು. ಅಕ್ಕನ ಮಗ ನೆಂಟರನ್ನು ಊಟಕ್ಕೆ ಕರೆತರಲು ಬೈಂದೂರಿಗೆ ಹೋಗಿದ್ದ.

ನಾನು ಬ್ರಹ್ಮಾವರದಲ್ಲಿ ಬಸ್ಸು ಹತ್ತುವ ಮೊದಲೇ ಸೊಸೆಯ ಫೋನು ಬಂದಿತ್ತು. "ಚಿಕ್ಕಮ್ಮ, ಅತ್ತೆಗ್ ಅರಳುಮರಳು ಸುರು ಆಯ್ತಾ ಅಂದೇಳಿ ಹೆದ್ರಿಕೆ. ಅಕ್ಕಿ ಒಂದ್ ಹಿಡಿ ತನ್ನಿ ಅಂದ್ರೆ ಅಕ್ಕಿಹುಡಿ ತತ್ರ್. ಮಿಕ್ಸಿ ಕೆಟ್ಟಿತ್ ಅಂದ್ರೆ, ಯಾರಿಗ್ ಕೊಟ್ಟದ್ದ್ ಕೇಳ್ತ್ರ್. ಇನ್ ಬೆಂಕಿ ಹತ್ರ ಬಿಡುದ್ ಬ್ಯಾಡ." ಮರುದಿನದಿಂದ ಅಡುಗೆಗೆ ಬೇರೆಯವರನ್ನು ಗೊತ್ತು ಮಾಡುವುದೆಂದು ಗಂಡ ಹೆಂಡತಿ ತೀರ್ಮಾನಿಸಿದ್ದರು. ಅಕ್ಕನ ಕೈಯಿಂದ ಸೌಟು ತೆಗೆದುಕೊಂಡರೆ ಅವಳಲ್ಲಿ ಏನು ಉಳಿಯುತ್ತದೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಅಡುಗೆ ಮುಗಿಯುತ್ತ ಬಂದಿತ್ತು. ಸೊಸೆ ಕಪಾಟಿನೊಳಗೆ ತಲೆ ಹಾಕಿ ಹಪ್ಪಳ ಹುಡುಕುತ್ತ, "ಅತ್ತೆ, ಎಲಿ ಹಾಕಿ" ಎಂದಳು. ಅಕ್ಕ ಚುರುಕಾಗಿ ಹಿತ್ತಿಲಿಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಬಚ್ಚಲಿನ ಕಡೆಯಿಂದ ಹೊಗೆ ಬಂತು. ಹಂಡೆಯ ಕೆಳಗೆ ಒಲೆ ಧಗಧಗ ಉರಿಯುತ್ತಿತ್ತು.

ಸೊಸೆ ನನ್ನ ಮುಖ ನೋಡಿದಳು. ಒಳಗೆ ಬಂದು ಮತ್ತೆ ಸೌಟು ಹಿಡಿದಿದ್ದ ಅಕ್ಕ ಸೊಸೆಯ ಮುಖ ನೋಡಿದಳು. ನೋಡಿ, ಸೌಟನ್ನು ಮೆಲ್ಲಗೆ ಕೆಳಗಿಟ್ಟಳು. "ನಂಗೇ ಎಂತೋ ಆಯ್ತ್ ಹೆಣೆ" ಎಂದಳು ನನಗೆ.

ನಾನು ಟೀಚರಾಗಿ ಸರ್ವಿಸ್ ಇಡೀ ಒಂದನೇ ಕ್ಲಾಸಿನವರಿಗೆ ಅ ಆ ಇ ಈ ಸ್ವರ ಹೇಳಿಸಿದವಳು. ಹಿಡಿ ಹುಡಿಯಾಗಿದೆ, ಕೆಟ್ಟದ್ದು ಕೊಟ್ಟದ್ದಾಗಿದೆ, ಎಲೆ ಒಲೆಯಾಗಿದೆ. ಮರೆವಿಗೆ ಇಷ್ಟು ಶಿಸ್ತು ಎಲ್ಲಿಂದ ಬರಬೇಕು?

ಅಕ್ಕನನ್ನು ಮೆಟ್ಟಿಲ ಮೇಲೆ ಕೂರಿಸಿ, ಬೆನ್ನ ಹಿಂದೆ ನಿಂತು ಒಂದೊಂದೇ ಸ್ವರ ಹೇಳಿದೆ. ಆ ಎಂದರೆ ಆ ಎಂದಳು. ಉ ಎಂದರೆ ಉ. ಇ ಎಂದರೂ ಉ! ಎ ಎಂದರೆ ಒ. ಎದುರಿಗೆ ಬಂದು ಹೇಳಿದೆ, ಎಲ್ಲವೂ ಸರಿ.

"ಬಾಯ್ ಕಂಡ್ರೆ ಗೊತ್ತಾತ್ತ್ ಮಾರಾಯ್ತಿ!" ಎಂದಳು ಅಕ್ಕ.

"ಮಂಡೆಗ್ ಎಂತ ಆಯ್ಲಿಲ್ಲ ನಿಂಗೆ. ಕಿವಿಗ್ ಆದ್ದ್" ಎಂದೆ.

ಸೊಸೆಗೆ ನಂಬಿಕೆ ಬರಲಿಲ್ಲ. ಧ್ವನಿ ಬಿಡದೆ, ಬರೀ ಪಿಸುಗುಟ್ಟಿ ಉ, ಒ, ಆ, ಎ, ಇ ಹೇಳು ಎಂದೆ. ಹೇಳಿದಳು. ಕೊಡಪಾನಕ್ಕೆ ನೀರು ತುಂಬುವಾಗ ಸದ್ದು ಏರುತ್ತ ಹೋಗುತ್ತದಲ್ಲ, ಅವಳ ಬಾಯಲ್ಲೂ ಹಾಗೆಯೇ ಏರಿತು. ಬುಡದ ತಗ್ಗು ಸದ್ದಿನಲ್ಲಿ ಉ ಮತ್ತು ಇ ಬಹುಮಟ್ಟಿಗೆ ಒಂದೇ. ನಾಲಗೆ ಮುಂದೆ ಬಂದಾಗ ಇ ಸ್ವರಕ್ಕೆ ಮೇಲೊಂದು ಸಣ್ಣ, ಎತ್ತರದ ಎಳೆ ಸೇರುತ್ತದೆ; ಎ ಸ್ವರಕ್ಕೂ ಅಂಥದ್ದೇ. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಆ ಎತ್ತರದ ಸದ್ದನ್ನೇ. ಎಳೆ ಹೋದರೆ ಇ ಉಳಿಯುವುದಿಲ್ಲ, ಉ ಕೇಳುತ್ತದೆ. ಸೊಸೆ ಇನ್ನೊಮ್ಮೆ ಪಿಸುಗುಟ್ಟಿ ಏರಿಸಿದಳು, ಇಳಿಸಿದಳು, ನಕ್ಕಳು.

ಅಷ್ಟರಲ್ಲಿ ಅಕ್ಕ ಎದ್ದು ನಿಂತಳು. "ನೆಂಟ್ರ್ ಬಂದ್ರ್."

ನಮಗಿಬ್ಬರಿಗೂ ಏನೂ ಕೇಳಿರಲಿಲ್ಲ, ನಗುತ್ತಿದ್ದೆವು. ಗೇಟಿನಿಂದ ಮತ್ತೊಮ್ಮೆ "ಹ್ವಾಯ್!" ಎಂದು ಕೂಗು ಬಂತು. ಬಾಯಿ ತುಂಬಿ ಬರುವ 'ಆ' ಸ್ವರ ಅಕ್ಕನ ಕಿವಿಗೆ ಸುಖವಾಗಿ ತಲುಪಿತ್ತು.

ಸೊಸೆ ಸೌಟು ಎತ್ತಿ ಅತ್ತೆಯ ಕೈಯಲ್ಲಿಟ್ಟಳು. ಎದುರು ನಿಂತು, ತುಟಿ ಕಿವಿಯವರೆಗೆ ಎಳೆದು, "ಎ...ಲಿ ಹಾಕಿ" ಎಂದಳು.

"ಬಾಯ್ ಅಷ್ಟ್ ಅಗ್ಲ ಮಾಡ್ಬೇಡ, ನೊಣ ಹೊಕ್ಕತ್ತ್" ಎಂದಳು ಅಕ್ಕ, ಮತ್ತು ಎಲೆ ಹಾಕಿದಳು.

ಊಟವಾದ ಮೇಲೆ ಕುಂದಾಪುರದ ಕಿವಿ ಡಾಕ್ಟರಿಗೆ ಫೋನು ಮಾಡಿ ಸೋಮವಾರಕ್ಕೆ ಸಮಯ ಗೊತ್ತು ಮಾಡಿದೆ. ಅಡುಗೆಯವರಿಗೆ ಬೇಡವೆಂದು ಸೊಸೆಯೇ ಹೇಳಿದಳು. ಜಿಡ್ಡು ಹಿಡಿದ ದೊಡ್ಡ ಪಾತ್ರೆಗಳು ರಾಶಿ ಬಿದ್ದಿದ್ದವು. ಹಂಡೆಯಲ್ಲಿ ನೀರು ಹದವಾಗಿ ಕಾದಿತ್ತು.

"ಒಲಿ ಹಾಕಿದ್ದ್ ಯಾರ್, ಹೇಳಿ ಕಾಂಬ?" ಎಂದಳು ಅಕ್ಕ.

ಮೂವರೂ ಕೂತು ತೊಳೆದೆವು. ಕೊನೆಯ ಕೊಪ್ಪರಿಗೆಯನ್ನು ನಾನೇ ಕವುಚಿ ಹಾಕಿದೆ.