ಕಪ್ಪೆ ಆಟದಲ್ಲಿ ಗೊತ್ತಾದದ್ದು

ಕರಿಯಮ್ಮ ನನ್ನ ಬಸ್ಸಿಗೆ ಅಡ್ಡ ಬಂದಿರಲಿಲ್ಲ. ಬಂದಳೆಂದು ನಾನು ಹೇಳಿದ್ದು ಸುಳ್ಳು. ನನಗೆ ಎಡಗಡೆಯದು ಕಾಣುತ್ತಿರಲಿಲ್ಲ. ಕಾಣುವುದಿಲ್ಲ ಎಂಬುದು ಅದಕ್ಕೂ ಮೂರು ತಿಂಗಳ ಮೊದಲೇ ನನಗೆ ಗೊತ್ತಿತ್ತು. ಆರು ವರ್ಷ ಇದನ್ನು ಯಾರ ಮುಂದೆಯೂ ಹೇಳಲಿಲ್ಲ.

ನಾನು ಜಗಳೂರಿನವನು. ಇಪ್ಪತ್ತೆರಡು ವರ್ಷ ಖಾಸಗಿ ಬಸ್ಸು ಓಡಿಸಿದೆ. ಬೆಳಗಿನ ಟ್ರಿಪ್ ಮುಗಿದರೆ ಮಧ್ಯಾಹ್ನ ಮೂರರವರೆಗೆ ಬಿಡುವು. ಊಟವಾದ ಮೇಲೆ ಹೆಂಡತಿ ಮಂಜುಳಾ ಮತ್ತು ನಾನು ಗೋಡೆಗೊರಗಿ ಕೂತು ಅವಳ ಮೊಬೈಲಿನಲ್ಲಿ ಒಂದು ಆಟ ಆಡುತ್ತಿದ್ದೆವು. ಅವಳ ತಂಗಿಯ ಮಗಳು ಹಾಕಿಕೊಟ್ಟದ್ದು. ನಗಬೇಡಿ — ಐವತ್ತು ದಾಟಿದ ಗಂಡಹೆಂಡಿರು ಒಂದು ಕಪ್ಪೆಯ ಹಿಂದೆ ಬಿದ್ದಿದ್ದೆವು. ಕೊಡೆ ಹಿಡಿದ ಕಪ್ಪೆ. ಬೆಳಿಗ್ಗೆ ಎದ್ದು ನೋಡಿದರೆ ಅದರ ಬಾವಿಯೇ ಕಳುವಾಗಿದೆ! ಬಾವಿ ಹುಡುಕಿಕೊಂಡು ಊರೂರು ಅಲೆಯುತ್ತದೆ. ಮಾತಿಲ್ಲ, ಹೊಡೆದಾಟವಿಲ್ಲ, ಅವಸರವಿಲ್ಲ. ಚಿತ್ರದಲ್ಲಿ ಎಲ್ಲಿ ಏನಿದೆ ಎಂದು ಕಂಡುಹಿಡಿದು ಬೆರಳಿನಿಂದ ಮುಟ್ಟಬೇಕು. ಮುಟ್ಟಿದ್ದು ಕಪ್ಪೆಯ ಚೀಲಕ್ಕೆ ಬೀಳುತ್ತದೆ. ಬಸವನಹುಳುವಿಗೆ ಟೋಪಿ ಕೊಟ್ಟರೆ ಅದು ಏಣಿ ಕೊಡುತ್ತದೆ. ಮೋಡಕ್ಕೆ ಕಚಗುಳಿ ಇಟ್ಟರೆ ಮಳೆ ಬಂದು ಗಿರಣಿ ತಿರುಗುತ್ತದೆ. ಮೋಡಕ್ಕೆ ಕಚಗುಳಿ ಇಡಬೇಕೆಂದು ಹೊಳೆಯಲು ನಮಗೆ ಎರಡು ದಿನ ಹಿಡಿಯಿತು. ಹೊಳೆದಾಗ ಮಂಜುಳಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಒಂದು ಮಧ್ಯಾಹ್ನ ಕಪ್ಪೆ ಗಡಿಯಾರ ರಿಪೇರಿ ಮಾಡುವ ಇಲಿಯ ಅಂಗಡಿಗೆ ಬಂತು. ಅಲ್ಲೊಂದು ಬೀಗದ ಕೈ ಹುಡುಕಬೇಕಿತ್ತು. ಹುಡುಕಿದೆ, ಹುಡುಕಿದೆ — ಇಲ್ಲ.

"ಅಲ್ಲೇ ಐತಲ್ರೀ! ಎಡಗಡೆ, ಮೊಳೆಗೆ ನೇತಾಡ್ತೈತೆ," ಎಂದಳು ಮಂಜುಳಾ.

ಮುಖ ಹೊರಳಿಸಿದೆ. ಎಲ್ಲಿಂದಲೋ ಆಗಷ್ಟೇ ಬಂದಂತೆ ಬೀಗದ ಕೈ ಕಾಣಿಸಿತು.

"ದಿನಾ ನೋಡ್ತೀನಿ, ಎಡಗಡೆ ಇರೋದು ಒಂದೂ ನಿಮಗೆ ಸಿಗಲ್ಲ. ಬೇಕಂತ ನನ್ನ ಗೆಲ್ಲಿಸ್ತೀರೇನು?"

"ಹೂಂ, ಬೇಕಂತ್ಲೇ," ಎಂದೆ.

ಮಾರನೆಯ ದಿನ ಅವಳು ಪಕ್ಕದ ಮನೆಗೆ ಹೋದಾಗ ಒಬ್ಬನೇ ಆ ಆಟ ತೆಗೆದೆ. ಒಂದು ಕಣ್ಣು ಮುಚ್ಚಿ ನೋಡಿದೆ, ಇನ್ನೊಂದು ಮುಚ್ಚಿ ನೋಡಿದೆ. ನಡುವಿನ ಕೊಡೆಯ ಮೇಲೆ ದೃಷ್ಟಿ ನೆಟ್ಟರೆ ಚಿತ್ರದ ಎಡಭಾಗ ಕಪ್ಪಾಗಿರಲಿಲ್ಲ, ಮಸುಕೂ ಆಗಿರಲಿಲ್ಲ — ಇರಲೇ ಇಲ್ಲ. ಮೂರು ದಿನ ಹಾಗೆಯೇ ನೋಡಿದೆ. ಅನುಮಾನ ಉಳಿಯಲಿಲ್ಲ. ನಾಲ್ಕನೆಯ ದಿನ ಎಂದಿನಂತೆ ಬಸ್ಸು ಹತ್ತಿದೆ. ಸ್ಟೇರಿಂಗ್ ಬಿಡಲು ಮನಸ್ಸಿರಲಿಲ್ಲ, ಅಷ್ಟೇ.

ಮೂರು ತಿಂಗಳು ಹಾಗೆಯೇ ಓಡಿಸಿದೆ. ಸುಗ್ಗಿಯ ಕಾಲ, ಮಧ್ಯಾಹ್ನ ಮೂರರ ಟ್ರಿಪ್. ರಸ್ತೆಯ ಬಲಗಡೆ ಉದ್ದಕ್ಕೂ ಮೆಕ್ಕೆಜೋಳ ಒಣಹಾಕಿದ್ದರು. ಬಸ್ಸನ್ನು ಎಡಕ್ಕೆ ತೆಗೆದುಕೊಂಡೆ. ಎಡಗಡೆ ಖಾಲಿ ಇತ್ತು — ನನ್ನ ಕಣ್ಣಿಗೆ.

ಧಡ್ ಎಂದಿತು. ಕುರಿಗಳ ಅರಚಾಟ. ಇಳಿದು ನೋಡಿದರೆ ಎರಡು ಕುರಿ ಚಕ್ರದಡಿ. ರಸ್ತೆ ಪಕ್ಕದ ತಗ್ಗಿನಲ್ಲಿ ಕುರಿ ಕಾಯುವ ಹೆಂಗಸು ಬಿದ್ದಿದ್ದಳು, ಕಾಲು ತಿರುಚಿಕೊಂಡಿತ್ತು. ಆಕೆಯೇ ಕರಿಯಮ್ಮ.

"ಏನಾತು ಡ್ರೈವರಣ್ಣ?" ಎಂದು ಯಾರೋ ಕೇಳಿದರು.

"ಕುರಿ ಹಿಂದೆ ಓಡಿ ಅಡ್ಡ ಬಂದ್ಲು," ಎಂದೆ. ಯೋಚಿಸುವ ಮೊದಲೇ ಬಾಯಿಂದ ಬಂದಿತ್ತು. ಆದರೆ ಹಿಂದಕ್ಕೆ ತೆಗೆದುಕೊಳ್ಳಲು ಸಮಯವಿತ್ತು, ಬೇಕಾದಷ್ಟಿತ್ತು — ತೆಗೆದುಕೊಳ್ಳಲಿಲ್ಲ.

"ಇಲ್ರಪ್ಪೋ, ನಾನು ಪಕ್ಕದಾಗೆ ನಿಂತಿದ್ದೆ. ಕೈನೂ ಮಾಡಿದ್ನಲ್ಲ!" ಎಂದು ಆಕೆ ತಗ್ಗಿನಿಂದಲೇ ಕೂಗಿದಳು. ಯಾರೂ ಕಿವಿಗೊಡಲಿಲ್ಲ. ಪ್ರಯಾಣಿಕರು ನನ್ನನ್ನು ವರ್ಷಗಳಿಂದ ಬಲ್ಲವರು. ತೂಕಡಿಸುತ್ತಿದ್ದವರೂ ಪೊಲೀಸರ ಮುಂದೆ ನನ್ನ ಮಾತನ್ನೇ ಹೇಳಿದರು.

ಆ ಸಂಜೆ ಮಂಜುಳಾ ನನ್ನ ಮುಖ ನೋಡದೆ, "ಆ ಆಟ ಮೊಬೈಲಿಂದ ತೆಗೆದು ಹಾಕ್ಬಿಟ್ಟೆ," ಎಂದಳು. ಮತ್ತೇನೂ ಕೇಳಲಿಲ್ಲ. ವಾರದೊಳಗೆ ಕೆಲಸ ಬಿಟ್ಟೆ. ಪಾಪ, ಎಷ್ಟು ನೊಂದುಕೊಂಡಿದ್ದಾನೆ ಎಂದು ಜನ ಮರುಗಿದರು. ಆ ಮರುಕವನ್ನೂ ಇಟ್ಟುಕೊಂಡೆ. ಕಣ್ಣಿನ ನರ ಒಣಗಿದೆ, ಹೋದ ನೋಟ ಮರಳುವುದಿಲ್ಲ ಎಂದು ವೈದ್ಯರು ಹೇಳಿದ್ದು ಆಮೇಲೆ.

ಇಷ್ಟೇ ಆಗಿದ್ದರೆ... ಇಲ್ಲ, ಇದಕ್ಕಿಂತ ಕೆಟ್ಟದ್ದು ಇನ್ನೂ ಇದೆ. ಎರಡು ವರ್ಷದ ನಂತರ ಬಸ್ ನಿಲ್ದಾಣದಲ್ಲಿ ಕೋಲೂರಿಕೊಂಡು ಬಂದ ಹೆಂಗಸೊಬ್ಬಳು ನನ್ನೆದುರು ನಿಂತಳು.

"ನೀವಲ್ಲೇನ್ರಿ ಆ ಡ್ರೈವರು? ಕುರಿ ಮ್ಯಾಲೆ ಗ್ಯಾನ ಇಲ್ಲ ಅಂತ ಮಗ ನನ್ನ ಕುರಿ ಕಾಯಾಕೆ ಬಿಡಂಗಿಲ್ರಿ. ಎಲ್ಲಾರೂ ಹೇಳೋದು ಕೇಳಿ ಕೇಳಿ ನಂಗೂ ಹಂಗೇ ಅನಿಸ್ತೈತ್ರಿ — ನಾನೇ ಮುಂದೆ ಬಂದ್ನೇನೋ. ತಪ್ಪಾತು ನಮ್ಮಪ್ಪ. ನನ್ನಿಂದ ನಿಮ್ಮ ಕೆಲಸ ಹೋತಂತೆ."

ಅವಳ ಕೈ ಹಿಡಿದು ನಿಜ ಹೇಳಬಹುದಿತ್ತು. ನಾನು ಹೇಳಿದ್ದು, "ಇರ್ಲಿ ಬಿಡಮ್ಮ."

ಕ್ಷಮಿಸುವವನ ಹಾಗೆ ಹೇಳಿದೆ. ಆಕೆ ಕೈಮುಗಿದು ಹೋದಳು.

ಆ ಎರಡು ಮಾತಿನ ಜೊತೆ ನಾಲ್ಕು ವರ್ಷ ಬದುಕಿದೆ. ಕಳೆದ ತಿಂಗಳು ಮಂಜುಳಾ ಮುಂದೆ ಎಲ್ಲ ಹೇಳಿದೆ. "ನಂಗೆ ಅವತ್ತೇ ಗೊತ್ತಾಗಿತ್ತು. ನಾನೂ ಬಾಯಿ ಬಿಡ್ಲಿಲ್ಲ. ನಡೀರಿ, ಹೋಗಿ ಹೇಳಾನ," ಎಂದಳು.

ನಾವು ಹೋದಾಗ ಕರಿಯಮ್ಮ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ನಿಂತೇ ಹೇಳಿದೆ. ನನ್ನ ಕಣ್ಣಿನ ವಿಷಯ, ಆಟದ ವಿಷಯ, ಸುಳ್ಳು, ನಿಲ್ದಾಣದ ಮಾತು — ಎಲ್ಲ. ಆಕೆಯ ಕೈ ನಿಂತಿತು.

"ಹಂಗಾದ್ರೆ ನಾನು ಪಕ್ಕದಾಗೇ ನಿಂತಿದ್ದೆ?"

"ಹೌದು ಕರಿಯಮ್ಮ."

"ಕೈ ಮಾಡಿದ್ದೆ?"

"ಮಾಡಿರ್ತೀರಿ. ನಂಗೆ ಕಾಣಲಿಲ್ಲ."

ಆಕೆ ಒಳಗಿದ್ದ ಮಗನನ್ನು ಕೂಗಿ ಕರೆದಳು. "ಇವ್ನ ಮುಂದೆ ಇನ್ನೊಂದು ಸಲ ಹೇಳ್ರಿ," ಎಂದಳು. ಹೇಳಿದೆ. ಮಗ ಹೊಡೆಯಲು ಮುಂದೆ ಬಂದ.

"ತಡಿಯಲೇ," ಎಂದಳು ಕರಿಯಮ್ಮ. "ಇನ್ನೂ ಎಲ್ಲಾರಿಗೂ ಹೇಳಿಲ್ಲ ಅವ್ರು."

ಅಕ್ಕಪಕ್ಕದವರನ್ನು ಕರೆಸಿದಳು. ಮತ್ತೆ ಹೇಳಿದೆ, ಬಂದವರಿಗೆಲ್ಲ ಹೇಳಿದೆ. ಕೂತ್ಕೊಳ್ಳಿ ಎಂದು ಯಾರೂ ಅನ್ನಲಿಲ್ಲ. ಕ್ಷಮಿಸಿದೆ ಎಂದು ಆಕೆಯೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಮಾರನೆಯ ದಿನ ಪೊಲೀಸ್ ಠಾಣೆಗೆ ಹೋಗಿ ಇದನ್ನೇ ಬರೆದುಕೊಟ್ಟೆ. ಏನಾಗಬೇಕೋ ಆಗಲಿ.

ಈಗ ಇಲ್ಲಿ ಬರೆಯುತ್ತಿರುವುದು, ಆ ಮಧ್ಯಾಹ್ನ ನನ್ನ ಬಸ್ಸಿನಲ್ಲಿದ್ದು ನನ್ನ ಪರವಾಗಿ ಮಾತಾಡಿದವರಿಗೆ. ನೀವು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ನೋಡಿದ್ದವಳು ಕರಿಯಮ್ಮ ಒಬ್ಬಳೇ.