ಗಜಾಯದ ಸೀಟು

ನನ್ನ ಗಂಡ ಕೂರುವ ಜಾಗದ ಅಳತೆಗೆ ಕತ್ತೆಯ ಆಯ ಬಂದಿದೆ ಎಂದು ಸೊರಬದ ಗುಡಿಗಾರರು ಹೇಳಿದಾಗ ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಅಂಗಳಕ್ಕೆ ಓಡಿ ನಕ್ಕೆ. ಒಳಗೆ ನಗುವಂತಿರಲಿಲ್ಲ. ಒಳಗೆ ಇವರು ಎರಡೂ ಕೈ ಮೇಲೆತ್ತಿ, ಸೊಂಟದ ಸುತ್ತ ಅಳತೆಯ ದಾರ ಸುತ್ತಿಸಿಕೊಂಡು, ಮಗ್ಗಿ ತಪ್ಪಿ ಶಿಕ್ಷೆ ಉಣ್ಣುತ್ತಿರುವವರ ಹಾಗೆ ನಿಂತಿದ್ದರು.

ಇವರು ಅಂದರೆ ನಮ್ಮ ಮನೆಯವರು. ಶಿಕಾರಿಪುರದಲ್ಲಿ ನಮ್ಮದೊಂದು ಅಕ್ಕಿ ಗಿರಣಿ. ಮಾವನವರು ಯಜಮಾನರು, ಇವರು ಒಬ್ಬನೇ ಮಗ. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಸೊರಬದ ಹತ್ತಿರದ ಹೊಸಬಾಳೆಯಿಂದ ಮದುವೆಯಾಗಿ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಗಿರಣಿಗೆ ಏನೋ ಸಾಮಾನು ಬೇಕೆಂದು ಮದ್ರಾಸಿಗೆ ಹೋದ ಇವರು ಸಾಮಾನನ್ನೇನೋ ತಂದರು, ಜೊತೆಗೆ ಒಂದು ಹುಚ್ಚನ್ನೂ ಕಟ್ಟಿಕೊಂಡು ಬಂದರು. ಯುದ್ಧದ ಕಾಲದಲ್ಲಿ ವಿಮಾನ ಇಳಿಸಲು ಮಾಡಿದ್ದ ಬಯಲೊಂದರಲ್ಲಿ ಅಲ್ಲಿ ಮೋಟಾರು ರೇಸು ನಡೆಯುತ್ತದಂತೆ. ಓಡಿಸುವವರು ಅದನ್ನೇ ಕಸುಬು ಮಾಡಿಕೊಂಡವರಲ್ಲ. ಡಾಕ್ಟರು, ವಕೀಲರು, ಕಾಫಿ ತೋಟದವರು. ತಮ್ಮ ತಮ್ಮ ಕಾರನ್ನೇ ತಂದು, ಬೇಡದ್ದನ್ನೆಲ್ಲ ಬಿಚ್ಚಿ ಹಾಕಿ ಓಡಿಸುತ್ತಾರಂತೆ.

"ಯಾರು ಬೇಕಾದ್ರೂ ಓಡಿಸಬಹುದು ಕಣೇ. ನನ್ನಂಥೋರೇ ಇದ್ರು ಅಲ್ಲಿ," ಎಂದು ಬಂದ ದಿನ ಹೇಳಿದರು. ಆಗ ಇವರ ಮುಖ ನೋಡಬೇಕಿತ್ತು. ನನ್ನನ್ನು ನೋಡಲು ಬಂದ ದಿನವೂ ಆ ಮುಖದಲ್ಲಿ ಅಷ್ಟು ಬೆಳಕಿರಲಿಲ್ಲ. ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಸಾಗರದ ಕಡೆಯ ಒಬ್ಬ ಮುದುಕ ಡಾಕ್ಟರು ಮಾರಿದ ಪುಟ್ಟ ಹಳೆಯ ಕಾರು ನಮ್ಮ ಗಿರಣಿಯ ಮುಂದೆ ಬಂದು ನಿಂತಿತು. ಮಾವ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ತೀರ್ಪು ಕೊಟ್ಟರು: "ಸಂಕ್ರಾಂತಿ ಆದ ಮ್ಯಾಲೆ ಅದೇನೋ ಓಟ ಐತಿ ಅಂತೀಯಲ್ಲ, ಓಡಿಸಿ ಬಾ. ಒಂದು ಸಲ. ಈ ಸಲ ಹೋಗಲಿಲ್ಲ ಅಂದ್ರ ಇಂಜಿನ್ನು ಕಬ್ಬಿನ ಗದ್ದೆ ಬಾವಿಗೆ, ನೀರೆತ್ತಾಕ. ಆಮೇಲೆ ಮಾತಿಲ್ಲ." ಮಾವನ ಮಾತು ಅಂದರೆ ಮಾತು. ಹೀಗಾಗಿ ಇವರ ಆಸೆಗೆ ಇದ್ದದ್ದು ಒಂದೇ ಒಂದು ಚಳಿಗಾಲ.

ಕಾರನ್ನು ರೇಸಿಗೆ ಸಿದ್ಧ ಮಾಡಲು ನಮ್ಮ ಗಿರಣಿಯ ಯಂತ್ರ ನೋಡುತ್ತಿದ್ದ ಮಿಸ್ತ್ರಿ ಸಾಬರು ಒಪ್ಪಿಕೊಂಡರು. ಅವರು ರೇಸನ್ನು ಕಂಡವರಲ್ಲ. ಆದರೆ ಇವರು ಹೇಳಿದ್ದರಲ್ಲಿ ಒಂದು ಮಾತು ಅವರ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. "ವಜನು ನಮ್ಮ ದುಶ್ಮನ್ ನೋಡ್ರಿ," ಎನ್ನುತ್ತ ಪಾನಾ ಹಿಡಿದು ಬಿಚ್ಚತೊಡಗಿದರು. ಬಾಗಿಲು ಹೋಯಿತು, ಮಡ್ಗಾರ್ಡು ಹೋಯಿತು, ಮೇಲಿನ ಚಾವಣಿ ಹೋಯಿತು, ಹಿಂದಿನ ಸೀಟು ಹೋಯಿತು. ಬಿಚ್ಚಿದ್ದನ್ನೆಲ್ಲ ಗಿರಣಿಯ ತಕ್ಕಡಿಯಲ್ಲಿಟ್ಟು ತೂಗಿ, "ಇಷ್ಟು ಕಮ್ಮಿ ಆತು" ಎಂದು ಖುಷಿಪಡುತ್ತಿದ್ದರು. ನಮ್ಮ ಮನೆಯಲ್ಲಿ ಯಾವುದನ್ನೂ ಎಸೆಯುವ ಪದ್ಧತಿಯಿಲ್ಲ. ಹಿಂದಿನ ಸೀಟು ಗಿರಣಿಯಲ್ಲಿ ಮಾವನ ಆಸನವಾಯಿತು. ಒಂದು ಬಾಗಿಲು ಕರುವಿನ ಕೊಟ್ಟಿಗೆಗೆ ಬಾಗಿಲಾಯಿತು. ಕರುವಿಗೆ ಕಿಟಕಿ ಗಾಜು ಇಳಿಸಿ ಹುಲ್ಲು ಹಾಕುವಂಥ ವೈಭೋಗ ನಮ್ಮ ತಾಲ್ಲೂಕಿನಲ್ಲಿ ಬೇರೆಲ್ಲೂ ಇರಲಿಲ್ಲ. ಕಾರಿನ ಮುಂದಿನ ದೀಪದ ಬಟ್ಟಲಿನಲ್ಲಿ ಅತ್ತೆ ಹುಣಸೆಹಣ್ಣು ತುಂಬಿಟ್ಟರು.

ತೊಡಕು ಬಂದದ್ದು ಓಡಿಸುವವರ ಸೀಟಿನಿಂದ. ಬಾಗಿಲಿಲ್ಲದ ಕಾರನ್ನು ಇವರು ಜೋರಾಗಿ ತಿರುಗಿಸಿದಾಗ ಕಾರು ತಿರುಗಿತು, ಇವರು ನೇರವಾಗಿ ಹೋಗಿ ತಿಪ್ಪೆಯಲ್ಲಿ ಬಿದ್ದರು. ಮದ್ರಾಸಿನಲ್ಲಿ ಮೈಯಳತೆಗೆ ತಕ್ಕಂತೆ ಸೀಟು ಮಾಡಿಸಿಕೊಳ್ಳುತ್ತಾರೆ, ಅದು ಸೊಂಟವನ್ನು ಹಿಡಿದುಕೊಳ್ಳುತ್ತದೆ ಎಂದು ಇವರಿಗೆ ಆಗ ನೆನಪಾಯಿತು. ಮಿಸ್ತ್ರಿ ಸಾಬರು ಹಳೆಯ ಸೀಟನ್ನು ಅಂದೇ ಸೀಳಿ, ಸ್ಪ್ರಿಂಗು ಬೇರೆ ಮಾಡಿ ಇಟ್ಟುಕೊಂಡರು. ಹೊಸದನ್ನು ಮಾಡುವವರು ಯಾರು?

"ನಮ್ಮ ಸೊರಬದ ಗುಡಿಗಾರರು ಮಾಡ್ತಾರೆ," ಎಂದೆ ನಾನು. ದೇವರ ಮೈಯಳತೆಗೆ ಮಂಟಪ ಕೆತ್ತುವವರಿಗೆ ಮನುಷ್ಯರ ಮೈಯಳತೆ ಯಾವ ಲೆಕ್ಕ? ತವರಿನ ಕಡೆಯ ಮಾತು ಬಂದರೆ ನನ್ನ ಕುತ್ತಿಗೆ ಎರಡು ಬೆರಳು ಉದ್ದವಾಗುತ್ತಿತ್ತು.

ಹಾಗೆ ಹೋದದ್ದು ಸೊರಬಕ್ಕೆ. ಗುಡಿಗಾರರು ದಾರದಿಂದ ಇವರ ಸೊಂಟ, ಬೆನ್ನು, ತೊಡೆ ಎಲ್ಲವನ್ನೂ ಅಳೆದರು. ನಕ್ಷತ್ರ ಕೇಳಿದರು. ಆಮೇಲೆ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗುಣಿಸಿ, ಎಂಟರಿಂದ ಭಾಗಿಸಿ, ಉಳಿದ ಅಂಕಿ ನೋಡಿ ಮುಖ ಸಣ್ಣದು ಮಾಡಿದರು. ಮನೆ ಕಟ್ಟಿಸಿದವರಿಗೆ ಇದು ಗೊತ್ತು. ಉಳಿದ ಅಂಕಿಗೆ ಒಂದೊಂದು ಆಯ: ಬಾವುಟ, ಹೊಗೆ, ಸಿಂಹ, ನಾಯಿ, ಎತ್ತು, ಕತ್ತೆ, ಆನೆ, ಕಾಗೆ. ಒಳ್ಳೆಯ ಆಯ ಬರುವವರೆಗೆ ಗೋಡೆಯನ್ನು ಹಿಂದೆ ಮುಂದೆ ಸರಿಸುತ್ತಾರೆ. ಆದರೆ ನನ್ನ ಗಂಡನನ್ನು ಹಿಂದೆ ಮುಂದೆ ಸರಿಸುವುದು ಹೇಗೆ?

"ಖರಾಯ ಮಾರಾಯ್ರೆ. ಕತ್ತೆ," ಎಂದರು ಗುಡಿಗಾರರು. ನಾನು ನಕ್ಕು ಮುಗಿಸಿ ಒಳಗೆ ಬಂದಾಗ ಇವರು ಅಂಗಲಾಚುತ್ತಿದ್ದರು.

"ಇರ್ಲಿ ಬಿಡ್ರಿ. ನನ್ನ ಅಳತೆ ಏನೈತೋ ಅದನ್ನೇ ಮಾಡ್ರಿ."

"ಅದೆಂತ ಮಾತು? ನಾ ಮಾಡಿದ ಪೀಠ ಕತ್ತೆ ಆಯದ್ದು ಅಂತ ನಾಳೆ ಯಾರಾದ್ರೂ ಅಳೆದು ನೋಡಿದ್ರೆ ನನ್ನ ಮರ್ಯಾದೆ ಎಂತ ಆಗ್ಬೇಕು? ಒಂದು ಮೆಟ್ಟಲು ಕೆಳಗೆ ಇಳಿದ್ರೆ ಎತ್ತು. ಅದರಲ್ಲಿ ನೀವು ಹಿಡಿಯೂದಿಲ್ಲ. ಒಂದು ಮೆಟ್ಟಲು ಹತ್ತಿದ್ರೆ ಆನೆ. ಗಜಾಯ! ವಾಹನಕ್ಕೆ ಅದಕ್ಕಿಂತ ಶ್ರೇಷ್ಠ ಇಲ್ಲ. ಸ್ವಲ್ಪ ಅಗಲ ಆಗ್ತದೆ, ಅಷ್ಟೇ."

ಕತ್ತೆಗೂ ಆನೆಗೂ ನಡುವೆ ಇರುವುದು ಸ್ವಲ್ಪವೇ ಅಗಲ ಎಂದು ನಾನು ಕಲಿತದ್ದು ಅಲ್ಲಿ.

ಹಲಸಿನ ಮರದ ಸೀಟು ಬಸ್ಸಿನ ನೆತ್ತಿಯ ಮೇಲೆ ಬಂತು. ಸಾದಾ ಇರಲಿ ಎಂದು ಎಷ್ಟು ಹೇಳಿದ್ದರೂ ಗುಡಿಗಾರರ ಕೈ ಸುಮ್ಮನಿರಲಿಲ್ಲ. ಬೆನ್ನಿನ ಹಲಗೆಯ ಎರಡು ಬದಿಗೆ ಸೊಂಡಿಲೆತ್ತಿದ ಆನೆ, ನಡುವೆ ಬಳ್ಳಿ, ತುದಿಯಲ್ಲಿ ಕಮಲ. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ತೊಗರ್ಸಿ ಕಡೆಯ ಜನ ಅದನ್ನು ದೇವರ ಪೀಠವೆಂದುಕೊಂಡು ಕಾಯಿ ಒಡೆದರಂತೆ. ನಮ್ಮ ಮನೆಗೆ ಬಂದಾಗ ಅದಕ್ಕೆ ಅರಿಸಿನ ಕುಂಕುಮ ಹತ್ತಿತ್ತು. ಅತ್ತೆ ಆರತಿ ಎತ್ತಿಯೇ ಒಳಗೆ ಬಿಟ್ಟುಕೊಂಡರು.

ಇವರು ಕೂತರು. ಕೊಳಗದೊಳಗೆ ಒಂದೇ ಒಂದು ಕಡಲೆಕಾಳು ಹಾಕಿದ ಹಾಗೆ ಆ ಕಡೆಯಿಂದ ಈ ಕಡೆಗೆ ಉರುಳಾಡಿದರು. ಮಿಸ್ತ್ರಿ ಸಾಬರು ಗೋಣಿತಟ್ಟು, ತೆಂಗಿನ ನಾರು ತಂದು ತುಂಬಲು ಹೊರಟರು. ಅತ್ತೆ ಅಡ್ಡ ನಿಂತರು. ಒಳಗೆ ತುಂಬಿದರೆ ಅಳತೆ ಬದಲಾಗುವುದಿಲ್ಲವೇ ಎಂದು ಸೊರಬಕ್ಕೆ ಕೇಳಿ ಕಳಿಸಿದೆವು. ಬದಲಾಗುತ್ತದೆ, ಮತ್ತೆ ಕತ್ತೆಗೇ ಬರುತ್ತದೆ ಎಂದು ಉತ್ತರ ಬಂತು.

"ಕತ್ತಿ ಮ್ಯಾಲೆ ಕೂರಿಸಿ ನನ್ನ ಮಗನ್ನ ಮದ್ರಾಸಿಗೆ ಕಳಿಸಂಗಿಲ್ಲ," ಎಂದರು ಅತ್ತೆ. "ಪೀಠ ಕುಗ್ಗಂಗಿಲ್ಲ ಅಂದ್ರ ಏನಾತು? ನನ್ನ ಮಗ ಹಿಗ್ಗತಾನ."

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬುದನ್ನು ಕೇಳಿದ್ದೆ. ಪೀಠ ಇದ್ದಷ್ಟು ಹಿಗ್ಗಬೇಕು ಎಂಬುದನ್ನು ಅಂದೇ ಕೇಳಿದ್ದು.

ಶುರುವಾಯಿತು ನೋಡಿ ಆನೆ ಸಾಕುವ ಕೆಲಸ. ಬೆಳಿಗ್ಗೆ ಬೆಣ್ಣೆ ಹಾಕಿದ ರೊಟ್ಟಿ, ಮಧ್ಯಾಹ್ನ ತುಪ್ಪದಲ್ಲಿ ಮುಳುಗಿದ ಹೋಳಿಗೆ, ಸಂಜೆ ಬಾಣಂತಿಗೆ ಕೊಡುವ ಅಂಟಿನುಂಡೆ. ಇವರು ಬೇಡವೆನ್ನಲಿಲ್ಲ. ಊಟವನ್ನು ರೇಸಿನ ತಯಾರಿಯೆಂದೇ ತಿಳಿದು, ಕಣ್ಣು ಮುಚ್ಚಿ, ಶ್ರದ್ಧೆಯಿಂದ ನುಂಗಿದರು. ಊರಿನ ನೆಂಟರಿಗೂ ಸುದ್ದಿ ಮುಟ್ಟಿ, ಒಬ್ಬೊಬ್ಬರೂ ಕರೆದು ಕರೆದು ಬಡಿಸಿದರು. ಎದುರಿಗೆ ಗಿರಣಿಯಲ್ಲಿ ಮಿಸ್ತ್ರಿ ಸಾಬರು ಒಂದು ತಗಡು ಕತ್ತರಿಸಿ ಬಿಸಾಡುತ್ತಿದ್ದರು, ಇಲ್ಲಿ ಅತ್ತೆ ಒಂದು ಲೋಟ ಕೆನೆಹಾಲು ಹುಯ್ಯುತ್ತಿದ್ದರು. ಒಂದು ದಿನ ಸಾಬರಿಗೆ ತಡೆಯಲಾಗದೆ ಇವರನ್ನೇ ತಕ್ಕಡಿಯ ಮೇಲೆ ಹತ್ತಿಸಿ, ಇನ್ನೊಂದು ಕಡೆಗೆ ಕಲ್ಲು ಪೇರಿಸುತ್ತ ಹೋಗಿ, ಕೊನೆಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಅಮ್ಮಾರೇ, ನಾ ಕಾರಿನ ಎರಡೂ ಬಾಗ್ಲಾ ತೆಗದೆ. ನೀವು ಅವೆರಡನ್ನೂ ಸಣ್ಣ ಯಜಮಾನ್ರಿಗೆ ತಿನ್ಸಿಬಿಟ್ರಲ್ರೀ!"

"ಗಟ್ಟಿಯಾಗಿ ಕೂಡಬೇಕು ಅಂದೋರು ನೀವೇ ಅಲ್ಲೇನ್ರಿ ಸಾಬ್ರ? ಹೋಳಿಗಿ ತಿಂದು ಹೋಗ್ರಿ," ಎಂದರು ಅತ್ತೆ. ಸಾಬರು ತಿಂದು ಹೋದರು.

ಸಂಕ್ರಾಂತಿ ಹತ್ತಿರ ಬಂತು. ಕಾರನ್ನು ಶಿವಮೊಗ್ಗಕ್ಕೆ ಒಯ್ದು ರೈಲಿಗೆ ಹಾಕುವುದರ ಹಿಂದಿನ ದಿನ ಅಂಜನಾಪುರದ ಕೆರೆ ಏರಿಯ ಮೇಲೆ ಪರೀಕ್ಷೆಗೆಂದು ಹೊರಟೆವು. ಸೀಟನ್ನು ಬೋಲ್ಟು ಹಾಕಿ ಕೂರಿಸಿಯಾಗಿತ್ತು. ಇವರು ಉಸಿರೆಳೆದು ಅದರೊಳಗೆ ಇಳಿದರು. ಅಬ್ಬಾ, ಎಷ್ಟು ಚೆನ್ನಾಗಿ ಹೊಂದಿತು! ಒಂದು ಹುಲ್ಲುಕಡ್ಡಿ ತೂರಿಸಲು ಸಂದಿರಲಿಲ್ಲ. ಅತ್ತೆಯ ಕಣ್ಣಲ್ಲಿ ನೀರು ಬಂತು. ಸಾಬರು ಕೂಡ ಒಪ್ಪಿ ತಲೆಯಾಡಿಸಿದರು.

ಕಾರು ಹೊರಟಿತು. ಏರಿಯ ಮೇಲೆ ಅದು ಓಡಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಒಂದು ಕಡೆ ನೀರು, ಒಂದು ಕಡೆ ಕೊಯ್ಲಾದ ಗದ್ದೆ, ನಡುವೆ ಇವರು, ಬೆನ್ನ ಹಿಂದೆ ಎರಡು ಆನೆ. ಕಿವಿ ಕಿತ್ತುಹೋಗುವ ಸದ್ದು. ನನಗೆ ಮೈಯೆಲ್ಲ ಜುಮ್ಮೆಂದಿತು. ಇದಕ್ಕೇನಾ ಇಷ್ಟು ಹುಚ್ಚು ಅಂದುಕೊಂಡೆ. ಇದಕ್ಕಾದರೆ ಸರಿಯೇ ಅನ್ನಿಸಿತು. ಹೋಗಲಿ, ಓಡಿಸಿ ಬರಲಿ ಎಂದು ಮನಸ್ಸಿನಲ್ಲೇ ಹರಸಿದೆ.

ಮುಂದೆ ತೂಬಿನ ಹತ್ತಿರ ಏರಿ ತಿರುಗುತ್ತದೆ. ಇವರು ಸ್ಟೇರಿಂಗು ತಿರುಗಿಸಹೋದರು. ಅದು ತಿರುಗಲಿಲ್ಲ. ಸೊಂಟಕ್ಕೆ ಹೊಂದುವಷ್ಟು ಬೆಳೆದ ಮೈ ಹೊಟ್ಟೆಯ ಕಡೆಗೂ ಬೆಳೆದಿತ್ತು. ಚಕ್ರ ಅದರಲ್ಲಿ ನಾಟಿಕೊಂಡು ನಿಂತಿತ್ತು. ಅಳತೆ ತೆಗೆಯುವಾಗ ಗುಡಿಗಾರರು ಮುಂದೆ ಏನಿರುತ್ತದೆ ಎಂದು ಕೇಳಿರಲಿಲ್ಲ. ಇವರು ಹೊಟ್ಟೆಯನ್ನು ಒಳಗೆಳೆದುಕೊಂಡರು, ಅರ್ಧ ತಿರುಗಿತು. ಉಸಿರು ಬಿಟ್ಟರು, ಮತ್ತೆ ನೇರವಾಯಿತು. ಕಾರು ಏರಿಯ ಇಳಿಜಾರಿನಲ್ಲಿ ಇಳಿದು, ಕಾಲುವೆಯ ಕಲ್ಲಿಗೆ ಮೂತಿ ತಾಗಿಸಿ, ಪಕ್ಕದ ಹುಲ್ಲಿನ ಬಣವೆಯಲ್ಲಿ ಹುದುಗಿ ನಿಂತಿತು.

ನಾವು ಎದ್ದು ಬಿದ್ದು ಓಡಿದೆವು. ಹುಲ್ಲು ಸರಿಸಿದರೆ ಇವರು ಕೂತೇ ಇದ್ದರು, ಒಂದು ಗೀರೂ ಆಗಿರಲಿಲ್ಲ. ಸೀಟು ಕೈಬಿಟ್ಟಿರಲಿಲ್ಲ. ಈಗಲೂ ಬಿಡಲೊಲ್ಲದು. ಎಳೆದರು, ನೂಕಿದರು, ಆಗಲಿಲ್ಲ. ಗರಗಸ ತರಿಸೋಣ ಎಂದರು ಮಾವ. "ಪೀಠಕ್ಕ ಗರಗಸ ಹಾಕತೀರೇನು?" ಎಂದು ಅತ್ತೆ ಗದರಿದರು. ಕೊನೆಗೆ ಸಾಬರು ಬೋಲ್ಟು ಬಿಚ್ಚಿದರು. ಗಿರಣಿಯ ಹಮಾಲರು ನಾಲ್ವರು ಸೀಟನ್ನು ಇವರ ಸಮೇತ ಹೆಗಲ ಮೇಲೆ ಹೊತ್ತರು. ಏರಿಯ ಮೇಲೆ ಬರುತ್ತಿದ್ದ ಹೆಂಗಸರು ಕೊಡ ಕೆಳಗಿಟ್ಟು ಕೈಮುಗಿದರು. "ಯಾವ ದೇವ್ರು ಯಪ್ಪಾ ಇದು?" ಎಂದು ಒಬ್ಬಾಕೆ ಕೇಳಿದಳು.

"ಅಕ್ಕಿ ಗಿರಣಿ ದೇವ್ರು ತಾಯಿ," ಎಂದರು ಸಾಬರು.

ಮನೆಯಲ್ಲಿ ಹರಳೆಣ್ಣೆ ಹುಯ್ದು ಇವರನ್ನು ಬಿಡಿಸಿಕೊಂಡೆವು. ಆದರೆ ರೇಡಿಯೇಟರು ಒಡೆದಿತ್ತು. ಹೊಸದು ಮದ್ರಾಸಿನಿಂದ ಬರುವ ಹೊತ್ತಿಗೆ ರೇಸು ಮುಗಿದಿರುತ್ತಿತ್ತು. ಮಾವನ ಮಾತನ್ನು ಯಾರೂ ಮತ್ತೆ ಎತ್ತಬೇಕಾಗಿರಲಿಲ್ಲ. ಆ ಸಂಜೆ ಇವರು ಕರುವಿನ ಕೊಟ್ಟಿಗೆಯಲ್ಲಿ, ಕಾರಿನ ಬಾಗಿಲಿಗೆ ಒರಗಿ ನಿಂತು ಅತ್ತರು. ಗಂಡಸರು ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಯಾರ ಮೇಲೆ ತೋರಿಸಲಿ? ಅತ್ತೆ ಮಗನ ಒಳ್ಳೆಯದಕ್ಕೇ ತುಪ್ಪ ಬಡಿಸಿದ್ದರು, ಗುಡಿಗಾರರು ಒಳ್ಳೆಯದಕ್ಕೇ ಆನೆ ತಂದಿದ್ದರು, ಸಾಬರು ಒಳ್ಳೆಯದಕ್ಕೇ ಹಳೆಯ ಸೀಟು ಸೀಳಿದ್ದರು. ಒಬ್ಬರಾದರೂ ಕೆಟ್ಟದ್ದು ಬಯಸಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆ ಸಿಟ್ಟಿಗೆ ಅಂಟಿನುಂಡೆಯ ಡಬ್ಬಿಯನ್ನು ಎಮ್ಮೆಯ ಮುಂದೆ ಸುರಿದೆ.

ಇಂಜಿನ್ನು ಬಾವಿಗೆ ಹೋಯಿತು. ಬಾವಿಯ ನೀರನ್ನೇ ಅದರ ಮೈಯೊಳಗೆ ಹರಿಸಿ ತಣ್ಣಗಿಡುವ ಉಪಾಯವನ್ನು ಸಾಬರು ಮಾಡಿದರು. ಅದರ ಬಳಿ ಯಾರಾದರೂ ಕಾವಲು ಕೂರಬೇಕಿತ್ತು. ಇವರು ತಾನೇ ಕೂರುತ್ತೇನೆ ಎಂದರು. ಸೀಟನ್ನೂ ಅಲ್ಲಿಗೇ ಒಯ್ದರು. ಅತ್ತೆ ಕೈ ಹಿಂದೆಗೆದ ಮೇಲೆ ಇವರು ತಮ್ಮ ಹಳೆಯ ಅಳತೆಗೆ ಇಳಿದು, ಗಜಾಯದಲ್ಲಿ ಮತ್ತೆ ಸಡಿಲವಾಗಿದ್ದರು.

ಒಂದು ಬೆಳಿಗ್ಗೆ ಬುತ್ತಿ ತೆಗೆದುಕೊಂಡು ಗದ್ದೆಗೆ ಹೋದೆ. ಇಂಜಿನ್ನು ಎಂದಿಗಿಂತ ಜೋರಾಗಿ ಕೂಗುತ್ತಿತ್ತು. ಕಾಲುವೆಯಲ್ಲಿ ನೀರು ನೊರೆಗಟ್ಟಿ ಓಡುತ್ತಿತ್ತು. ಇವರು ಕಬ್ಬಿನ ಕಡೆಗೆ ಮುಖ ಮಾಡಿ ಸೀಟಿನಲ್ಲಿ ಕೂತಿದ್ದರು. ಎರಡೂ ಕೈ ಮುಂದೆ ಚಾಚಿ ಇಲ್ಲದ ಚಕ್ರವನ್ನು ಹಿಡಿದಿದ್ದರು. ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು, ಒಮ್ಮೆ ಹಿಂದೆ ತಿರುಗಿ ಯಾರನ್ನೋ ನೋಡಿದರು. ನಾನು ಬುತ್ತಿ ಹಿಡಿದುಕೊಂಡು ಬದುವಿನ ಮೇಲೇ ಕಾದು ನಿಂತೆ. ಆಮೇಲೆ ಇವರು ಕೈ ಕೆಳಗಿಳಿಸಿ ಇಂಜಿನ್ನಿನ ಸದ್ದು ತಗ್ಗಿಸಿದರು.

ಹತ್ತಿರ ಹೋಗಿ ಕೇಳಿದೆ: "ಎಷ್ಟನೇದಾಗಿ ಬಂದ್ರಿ?"

ಇವರಿಗೆ ಗಾಬರಿಯೂ ಆಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಬೆವರು ಒರೆಸಿಕೊಂಡು, "ಎರಡನೇದು," ಎಂದರು.

"ಮೊದಲನೇದು ಯಾರು?"

"ಮದ್ರಾಸಿನ ಒಬ್ಬ ಡಾಕ್ಟರು," ಎಂದು ಕಬ್ಬಿನ ಗದ್ದೆಯ ಕಡೆ ನೋಡಿದರು. "ಸಪೂರ ಆಳು. ತಿರುವಿನಲ್ಲಿ ನನ್ನ ದಾಟಿ ಹೋಗಿಬಿಟ್ಟ."